ನಡುವೆ ಕೂತು ಓದಿದವರು

ಅಕ್ಕ ಬರೆಯದ ಕಾಗದವೊಂದನ್ನು ಅಕ್ಕನದೇ ಎಂದು ನಂಬಿ ನಾನು ಐದು ತಿಂಗಳು ಅವಳ ಮೇಲೆ ಮುನಿಸಿಕೊಂಡಿದ್ದೆ. ಇಷ್ಟು ವರ್ಷಗಳಾದರೂ ಆ ಐದು ತಿಂಗಳನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ವಯಸ್ಸಾದಂತೆ ಕೋಪ ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ. ಇಳಿಸಿಕೊಳ್ಳುವ ಇಷ್ಟವೂ ನನಗಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ತಮಿಳುನಾಡಿನ ಗಡಿಯ ಹೊಸೂರಿನ ಕೈಗಾರಿಕಾ ವಸಾಹತಿನಲ್ಲಿ ಶೆಡ್ಡುಗಳು ಒಂದರ ಹಿಂದೊಂದು ಏಳುತ್ತಿದ್ದವು. ತಳಿ ಕಡೆಯ ಹಳ್ಳಿಯಿಂದ ಬಂದ ನಾನು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಬಿಡಿಭಾಗ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಮೂಕಂಡಪಲ್ಲಿಯಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ಒಂದೇ ಕೋಣೆಯ ವಾಸ. ಅವಳದು ಮನೆಮಾತು ತೆಲುಗು, ಓದಿದ್ದು ತಮಿಳು, ನನ್ನ ಜೊತೆ ಆಡುತ್ತಿದ್ದದ್ದು ಎರಡನ್ನೂ ಬೆರೆಸಿದ ಕನ್ನಡ. ಬಿಡುವಾದಾಗ ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆಯುತ್ತಿದ್ದಳು. ಆಗ ಯಾವ ಹೆಂಗಸಿನ ಕೈ ನೋಡಿದರೂ ಆ ಬುಟ್ಟಿಯೇ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಓದಿನಲ್ಲಿ ನನಗಿಂತ ಚುರುಕು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ ವರ್ಷವೇ ಅವಳನ್ನು ಉದ್ದನಪಲ್ಲಿಯ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಭಾವ ಲಾರಿ ಓಡಿಸುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು, ಉಂಡು, ಮಲಗಿ, ಹೋಗುತ್ತಿದ್ದ. ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅತ್ತೆಯದು. ಜೊತೆಗೆ ಮದುವೆಯಾಗದ ಒಬ್ಬ ಮೈದುನ. ಅಕ್ಕನಿಗೆ ನಾಲ್ಕು ವರ್ಷದ ಒಬ್ಬ ಮಗಳು.

ಆ ಹಳ್ಳಿಯ ಪೋಸ್ಟಾಫೀಸು ಎಂದರೆ ಒಬ್ಬರ ಮನೆಯ ಮುಂದಿನ ಕೋಣೆ. ಆ ಮನೆಯ ಯಜಮಾನರೇ ಪೋಸ್ಟ್‌ಮಾಸ್ಟರು, ಅಕ್ಕನ ಮಾವನಿಗೆ ದಾಯಾದಿ. ನಾನೂ ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಬಸ್ಸಿನಲ್ಲಿ ಬಂದ ಚೀಲವನ್ನು ಅವರೇ ಬಿಚ್ಚುತ್ತಿದ್ದರು, ಅವರೇ ಹಂಚುತ್ತಿದ್ದರು. ಊರಿಗೆಲ್ಲ ಮರ್ಯಾದಸ್ಥರು. ಓದು ಬಾರದವರಿಗೆ ಕಾಗದ ಓದಿ ಹೇಳುವವರೂ ಅವರೇ. ಓದು ಬರುವವರ ಕಾಗದವನ್ನೂ ಅವರೇ ಮೊದಲು ಓದುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಕಾರ್ಖಾನೆಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಬಂದಾಗ ನಾನು ಅಕ್ಕನಿಗೆ ಬರೆದೆ. ನೀಲಿ ಇನ್‌ಲ್ಯಾಂಡ್ ಲೆಟರು. ನಮ್ಮ ಕಡೆಯವರ ಬಾಯಲ್ಲಿ ಅದು ಇಂಗ್ಲೆಂಡ್ ಲೆಟರು. ಮಾರ್ಕ್ಸ್ ಕಾರ್ಡು ತೆಗೆದುಕೊಂಡು ಇಂಥ ದಿನ ಬಾ, ನನ್ನ ಕೋಣೆಯಲ್ಲೇ ಇರಬಹುದು, ಮಗುವನ್ನೂ ಕರೆದುಕೊಂಡು ಬಾ, ಇಪ್ಪತ್ತೈದು ತುಂಬುವುದರೊಳಗೆ ಸೇರಬೇಕು, ತಡಮಾಡಬೇಡ ಎಂದೆಲ್ಲ ಬರೆದು, ಮೂರೂ ಅಂಚಿಗೆ ಅಂಟು ಹಚ್ಚಿ ಪೆಟ್ಟಿಗೆಗೆ ಹಾಕಿದೆ. ಅಂಟು ಹಚ್ಚಿದರೆ ಆಯಿತು, ಇನ್ನು ಅದು ನನಗೂ ಅಕ್ಕನಿಗೂ ಸೇರಿದ್ದು ಎಂದುಕೊಂಡಿದ್ದೆ.

ವಾರದಲ್ಲಿ ಉತ್ತರ ಬಂತು. ಅಕ್ಕ ನನ್ನನ್ನು ಮುದ್ದಿನಿಂದ ಕರೆಯುವ ಹೆಸರಿನಿಂದಲೇ ಶುರುವಾಗಿತ್ತು. ಆಮೇಲೆ ಹೀಗಿತ್ತು: 'ನೀನು ಗಂಡಸರ ಮಧ್ಯೆ ಕೆಲಸ ಮಾಡಿಕೊಂಡು ತಿರುಗುವ ಹಾಗೆ ನನ್ನನ್ನೂ ಕರೆಯಬೇಡ. ನನ್ನ ಸಂಸಾರ ನನಗೆ ಸಾಕು. ಈ ಮನೆಯ ಮರ್ಯಾದೆ ನಿನಗೆ ತಿಳಿಯದು. ಇನ್ನು ಮುಂದೆ ಕಾಗದ ಬರೆಯಬೇಡ, ಬರಲೂ ಬೇಡ.'

ಬರಹ ಸ್ವಲ್ಪ ಓಡಿದಂತಿತ್ತು. ಅವಸರದಲ್ಲಿ ಬರೆದಿರಬೇಕು ಎಂದುಕೊಂಡೆ. ಗಂಡಸರ ಮಧ್ಯೆ ತಿರುಗುವ ಎಂಬ ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಬೇಡವಾದರೆ ಬಿಡು ಎಂದು ಆ ಕಾಗದವನ್ನು ಮಡಿಸಿ ಪರ್ಸಿನಲ್ಲಿಟ್ಟೆ. ಬರೆಯಲಿಲ್ಲ, ಹೋಗಲಿಲ್ಲ.

ಐದು ತಿಂಗಳಾದ ಮೇಲೆ ಊರಿನಲ್ಲಿ ಚಿಕ್ಕಮ್ಮನ ಮಗುವಿನ ನಾಮಕರಣಕ್ಕೆ ಇಬ್ಬರೂ ಹೋದೆವು. ಹಿತ್ತಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಇಬ್ಬರೂ ಮುಖ ತಿರುಗಿಸಿಕೊಂಡೇ. ಕೊನೆಗೆ ಅಕ್ಕನೇ ಬಾಯಿ ತೆಗೆದಳು.

"ಸಂಬ್ಳ ಎಣ್ಸೋಕೆ ಶುರು ಮಾಡಿದ್ರೆ ಅಕ್ಕನ್ನೂ ಮರ್ತೋಗ್ಬುಡ್ತಾರಾ? ಮೂರ್ ಕಾಗ್ದ ಬರ್ದೆ. ಒಂದ್ಕಾದ್ರೂ ಉತ್ರ ಹಾಕ್ಬಾರ್ದಾ?"

"ಬರೀಬೇಡ ಅಂತ ಬರ್ದೋಳು ನೀನೇ ಅಲ್ವಾ," ಅಂದೆ.

"ನಾನಾ? ಯಾವಾಗ?"

ನಾನು ಪರ್ಸಿನಿಂದ ಆ ಕಾಗದ ತೆಗೆದು ಅವಳ ಮಡಿಲಿಗೆ ಎಸೆದೆ. ಅವಳು ಓದಿದಳು. ಮತ್ತೊಮ್ಮೆ ಓದಿದಳು. ಅವಳ ಕೈಯಲ್ಲಿದ್ದ ಅವರೆಕಾಯಿ ಹಾಗೇ ನುಜ್ಜಾಯಿತು.

"ಇದು ನನ್ ಬರ್ವಣ್ಗೆ ಅಲ್ಲ ಕಣಮ್ಮಿ. ನನ್ ಮೈದುನನ್ದು. ಅವ್ನೇ 'ಳ' ಹಿಂಗ್ ಸುತ್ತಿ ಬರ್ಯೋದು. ನೀನು ಕೆಲ್ಸಕ್ಕೆ ಕರ್ದಿದ್ದು ನಂಗ್ ಗೊತ್ತೇ ಇಲ್ಲ."

ನನ್ನ ಕಾಗದ ಅವಳಿಗೆ ತಲುಪಿಯೇ ಇರಲಿಲ್ಲ. ಅವಳ ಮೂರು ಕಾಗದಗಳು ಊರು ಬಿಟ್ಟೇ ಇರಲಿಲ್ಲ. ನನ್ನ ಮುದ್ದಿನ ಹೆಸರು ಮೈದುನನಿಗೆ ಹೇಗೆ ತಿಳಿಯಿತು? ಅಂದರೆ ಮೊದಲಿನಿಂದಲೂ ಓದುತ್ತಿದ್ದರು. ನಾವು ಹೇಗೆ ಕರೆದುಕೊಳ್ಳುತ್ತೇವೆ, ಹೇಗೆ ಮುಗಿಸುತ್ತೇವೆ, ಎಲ್ಲವನ್ನೂ ಕದ್ದು ಓದಿ ಕಲಿತು, ಕೊನೆಗೆ ಅವಳ ವೇಷ ಹಾಕಿಕೊಂಡು ನನ್ನೆದುರು ನಿಂತಿದ್ದರು.

ಆದರೂ ಒಂದು ಸಲ ಖಚಿತ ಮಾಡಿಕೊಳ್ಳಬೇಕೆನಿಸಿತು. ಹೊಸೂರಿಗೆ ಮರಳಿ ಅಕ್ಕನಿಗೆ ಬೇಕೆಂದೇ ಒಂದು ಸುಳ್ಳು ಬರೆದೆ: ಬರುವ ಭಾನುವಾರ ನಿನ್ನ ಮೈದುನನಿಗೆ ಹೆಣ್ಣು ಕೊಡುವವರನ್ನು ಕರೆದುಕೊಂಡು ಬರುತ್ತೇನೆ, ಮನೆಯಲ್ಲಿ ಈಗಲೇ ಹೇಳಬೇಡ. ಅಕ್ಕ ಆಮೇಲೆ ಹೇಳಿದಳು. ಕಾಗದ ಅವಳ ಕೈಗೆ ಬಂದದ್ದು ಶನಿವಾರ ಸಂಜೆಯಂತೆ. ಶುಕ್ರವಾರವೇ ಅತ್ತೆ ಜಗುಲಿ ಸಾರಿಸಿ, ಗೋಡೆಗೆ ಸುಣ್ಣ ಬಳಿಸಿ, ಮೈದುನನಿಗೆ ಕ್ಷೌರ ಮಾಡಿಸಿ ಕೂರಿಸಿದ್ದಳಂತೆ. ಅಕ್ಕ ಅದನ್ನು ಹೇಳುತ್ತಾ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಏನು ಮಾಡಬೇಕು? ಬೇರೆ ಪೋಸ್ಟಾಫೀಸು ಇರಲಿಲ್ಲ, ಬೇರೆ ದಾರಿ ಇರಲಿಲ್ಲ. ಕಾಗದ ಆ ಕೈಯನ್ನು ದಾಟಿಯೇ ಹೋಗಬೇಕು. ಅಡಗಿಸಿ ಬರೆದರೆ ಅನುಮಾನ ಬರುತ್ತದೆ. ಮುಂದಿನ ಸಲ ಊರಿನಲ್ಲಿ ಸೇರಿದಾಗ ಅಕ್ಕ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಲ್ಲಿ ವರ್ಣಮಾಲೆ ಬರೆದಳು. ಕ ಖ ಗ ಘ ಙ ಒಂದು ಸಾಲು. ಅದರ ಕೆಳಗೆ ಚ ಸಾಲು. ಹೀಗೆ ಯ ಸಾಲು, ಷ ಸಾಲು ಸೇರಿ ಒಟ್ಟು ಏಳು. ನಾವು ಒಂದನೇ ಕ್ಲಾಸಿನಲ್ಲಿ ಕೂಗಿ ಕೂಗಿ ಕಲಿತದ್ದು.

"ನೋಡು, ಯಾವ ಸಾಲು, ಅದ್ರಲ್ಲಿ ಎಷ್ಟನೇದು. ಎರಡು ಅಂಕಿ ಹೇಳಿದ್ರೆ ಅಕ್ಸರ ಸಿಕ್ತು," ಅಂದಳು. "ಅಂಕಿ ಬರ್ಯೋಕೆ ಏನ್ ನೆಪ ಅಂತ ನೀನೇಳು."

ನನಗೆ ಕೋಣೆಯ ಗೆಳತಿಯ ಬುಟ್ಟಿ ನೆನಪಾಯಿತು. ಹೆಣೆಯುವ ಮಾದರಿಯನ್ನು ಹೆಂಗಸರು ಚೀಟಿಯಲ್ಲಿ ಬರೆದು ಹಂಚಿಕೊಳ್ಳುತ್ತಿದ್ದರು, ಕೆಂಪು ಎರಡು, ಹಸಿರು ಮೂರು ಎಂದು. ಕೆಂಪು ಎಂದರೆ ಸಾಲು, ಹಸಿರು ಎಂದರೆ ಸಾಲಿನಲ್ಲಿ ಎಷ್ಟನೆಯದು, ಬಿಳಿ ಎಂದರೆ ಸ್ವರ. ಎಣಿಕೆಯನ್ನು ಕ ಸಾಲಿನಿಂದ ಶುರು ಮಾಡಿದರೆ ಯಾರಾದರೂ ಊಹಿಸಿಯಾರು. ಅದಕ್ಕೇ ತ ಸಾಲನ್ನು ಒಂದು ಎಂದು ಇಟ್ಟುಕೊಂಡೆವು. ಕೆಂಪು ಎರಡು, ಹಸಿರು ಮೂರು, ಬಿಳಿ ಎರಡು ಎಂದರೆ 'ಬಾ'. ಯಾವ ಸಾಲಿನಿಂದ ಶುರು ಎಂಬುದನ್ನು ಎಂದೂ ಬರೆಯಬಾರದು. ಎದುರೆದುರು ಸಿಕ್ಕಾಗ ಕಿವಿಯಲ್ಲಿ ಹೇಳಿಯೇ ಬದಲಿಸಬೇಕು.

"ಮತ್ತೆ ನನ್ ಹೆಸ್ರಲ್ಲಿ ಅವ್ನೇ ಬರುದ್ರೆ?" ಎಂದು ಅಕ್ಕ ಕೇಳಿದಳು. ಅದಕ್ಕೂ ಒಂದು ಉಪಾಯ ಮಾಡಿದೆವು. ಎಲ್ಲ ಕೆಂಪುಗಳನ್ನು ಕೂಡಿ, ಅದಕ್ಕೆ ಕಾಗದದ ತಾರೀಖನ್ನು ಸೇರಿಸಿ, ಬಂದ ಮೊತ್ತವನ್ನು ಕೊನೆಯಲ್ಲಿ 'ಕಪ್ಪು ಇಷ್ಟು' ಎಂದು ಬರೆಯುವುದು. ಮೊತ್ತ ತಾಳೆಯಾಗದಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದು ಅರ್ಥ.

ಮೊದಲ ಕಾಗದ ಹೋಯಿತು. ಮೇಲೆ ಕ್ಷೇಮ ಸಮಾಚಾರ, ಕೆಳಗೆ ಬುಟ್ಟಿಯ ಮಾದರಿ. ಪೋಸ್ಟ್‌ಮಾಸ್ಟರು ಓದಿದರು, ಅತ್ತೆಗೆ ಹೇಳಿದರು. ಅತ್ತೆಗೆ ಸಂತೋಷವಾಗಿಬಿಟ್ಟಿತು. ಕಡೆಗೂ ಹೆಣ್ಣುಮಕ್ಕಳು ಹೆಣ್ಣುಮಕ್ಕಳ ಮಾತು ಬರೆಯುತ್ತಿದ್ದಾರೆ. ನನಗೂ ಒಂದು ಬುಟ್ಟಿ ಹಾಕಿಕೊಡು ಎಂದಳು. ಆಮೇಲೆ ಪೋಸ್ಟ್‌ಮಾಸ್ಟರ ಹೆಂಡತಿಗೂ ಒಂದು ಬೇಕಾಯಿತು. ಅಕ್ಕ ಅದನ್ನು ಶ್ರದ್ಧೆಯಿಂದ ಹೆಣೆದುಕೊಟ್ಟಳು. ಸುತ್ತಲೂ ಕೆಂಪು, ಹಸಿರು, ಬಿಳಿ. ನಮ್ಮ ಎಣಿಕೆಯಲ್ಲಿ ಓದಿದರೆ 'ಕಳ್ಳ ಕಳ್ಳ ಕಳ್ಳ' ಎಂದು. ಆಯಮ್ಮ ಅದನ್ನು ಹಿಡಿದು ವರ್ಷಗಟ್ಟಲೆ ರಾಯಕೋಟೆ ಸಂತೆಗೆ ಹೋದಳು. ಆ ಹೆಂಗಸಿನ ತಪ್ಪೇನೂ ಇರಲಿಲ್ಲ. ಆದರೂ ಅಕ್ಕನ ಕೈ ಅಷ್ಟಕ್ಕೆ ನಿಂತದ್ದೇ ಹೆಚ್ಚು ಎಂದು ನನಗೆ ಈಗಲೂ ಅನಿಸುತ್ತದೆ.

ಸ್ವಲ್ಪ ದಿನದಲ್ಲೇ ಕಾರ್ಖಾನೆಯಲ್ಲಿ ಮತ್ತೆ ಕೆಲಸಕ್ಕೆ ಕರೆದರು. ದಿನ ಗೊತ್ತಾದ ಕೂಡಲೇ ಮಾದರಿ ಕಳಿಸಿದೆ: ಬುಧವಾರ ಬಾ, ಮಾರ್ಕ್ಸ್ ಕಾರ್ಡು ತಾ. ಅದಕ್ಕೆ ಮೊದಲು ಭಾನುವಾರ ನಾನೇ ಅಲ್ಲಿಗೆ ಬರುತ್ತೇನೆಂದು ಅದೇ ಕಾಗದದ ಮೇಲ್ಭಾಗದಲ್ಲಿ ಎಲ್ಲರೂ ಓದುವಂತೆ ಬರೆದಿದ್ದೆ. ಶನಿವಾರ ಒಂದು ಕಾಗದ ಬಂತು. 'ಮಗಳಿಗೆ ಜ್ವರ, ನಾವೆಲ್ಲ ಊರಿಗೆ ಹೋಗುತ್ತಿದ್ದೇವೆ, ಬರಬೇಡ' ಎಂದಿತ್ತು. ಅಕ್ಕನದೇ ಎಂದು ತೋರಲಿ ಎಂದೋ ಏನೋ, ಕೆಳಗೆ ಬುಟ್ಟಿಯ ಮಾದರಿಯೂ ಇತ್ತು. ಕೂಡಿ ನೋಡಿದೆ. ಕಪ್ಪಿನ ಮೊತ್ತ ತಾಳೆಯಾಗಲಿಲ್ಲ. ಹಳೆಯ ಕಾಗದದ ಅಂಕಿಗಳನ್ನೇ ಎತ್ತಿ ಬರೆದು ತಾರೀಖು ಮಾತ್ರ ಹೊಸದು ಹಾಕಿದ್ದರು. ಭಾನುವಾರ ಮೊದಲ ಬಸ್ಸಿಗೆ ಹೋದೆ. ಮಗು ಬಾಗಿಲಲ್ಲಿ ಕುಂಟೆಬಿಲ್ಲೆ ಆಡುತ್ತಿತ್ತು. ಜ್ವರವೂ ಇಲ್ಲ ಏನೂ ಇಲ್ಲ. ನನ್ನನ್ನು ನೋಡಿ ಮೈದುನನ ಮುಖ ಬಾಡಿದ್ದು ನೆನೆಸಿಕೊಂಡರೆ ಇಂದಿಗೂ ಸ್ವಲ್ಪ ತಂಪಾಗುತ್ತದೆ.

ಬುಧವಾರ ಅಕ್ಕ ಬಂದಳು. ಹತ್ತಿರದ ಊರಿನಲ್ಲಿ ರವಿಕೆ ಹೊಲಿಯಲು ಕೊಡುತ್ತೇನೆಂದು ಹೇಳಿ, ಬಟ್ಟೆಯ ಮಡಿಕೆಯೊಳಗೆ ಮಾರ್ಕ್ಸ್ ಕಾರ್ಡು ಇಟ್ಟುಕೊಂಡು, ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಗೇಟಿನ ಪಕ್ಕದ ಕೋಣೆಯಲ್ಲಿ ಅಧಿಕಾರಿ ಅವಳ ಕಾರ್ಡನ್ನು ನೋಡಿ ತಲೆದೂಗಿದ. ಗಣಿತದ ಅಂಕವನ್ನು ಎರಡು ಸಲ ನೋಡಿದ. ಆಮೇಲೆ ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟ.

"ವಯಸು ತಾಂಡಿಡುಚ್ಚಮ್ಮಾ," ಅಂದ. ವಯಸ್ಸು ದಾಟಿಹೋಗಿದೆ. ಎರಡು ತಿಂಗಳು ಹೆಚ್ಚು. ಕೆಟ್ಟವನಲ್ಲ. ನಿಜವಾಗಿಯೂ ಬೇಸರಪಟ್ಟ. "ಹೋದ ಸಲ ಯಾಕೆ ಬರಲಿಲ್ಲ?" ಎಂದು ತಮಿಳಿನಲ್ಲೇ ಕೇಳಿದ.

ಹೋದ ಸಲ ಯಾಕೆ ಬರಲಿಲ್ಲ. ಅಕ್ಕ ಮಗಳನ್ನು ಎತ್ತಿಕೊಂಡು ಹೊರಗೆ ಬಂದು, ಗೇಟಿನೆದುರು ಟೀ ಅಂಗಡಿಯ ಬೆಂಚಿನ ಮೇಲೆ ಕೂತಳು. ಅಳಲಿಲ್ಲ. "ನಡೀ, ಬಸ್ಸಿಗೆ ಹೊತ್ತಾಯ್ತು," ಅಂದಳು ಅಷ್ಟೇ.

ಆ ವಾರವೇ ರಜೆ ಹಾಕಿ ಪೋಸ್ಟ್‌ಮಾಸ್ಟರ ಮುಂದೆ ಹೋಗಿ ನಿಂತೆ. ಅವರು ಮುದ್ರೆ ಒತ್ತುತ್ತಾ ಕೂತಿದ್ದರು. ಮೇಜಿನ ಮೇಲೆ ಅಂಟಿನ ಡಬ್ಬಿ, ಪಕ್ಕದಲ್ಲೇ ಅಂಟು ಬಿಡಿಸಿ ಬಿಡಿಸಿ ಸವೆದು ನುಣುಪಾದ ಒಂದು ಬಿದಿರು ಕಡ್ಡಿ. ಮುಚ್ಚಿಡುವ ಗೋಜಿಗೂ ಹೋಗಿರಲಿಲ್ಲ.

"ನಮ್ಮಕ್ಕನ ಕಾಗ್ದ ಯಾಕ್ ಒಡೀತೀರಾ ಮಾವ?"

"ಕೂತ್ಕಮ್ಮ. ಒಡ್ಯೋದು ಅಂದ್ರೇನು? ನಾನೇನು ತಿಂದ್ಬುಟ್ನಾ ಅದನ್ನ? ಓದಿ, ಅಂಟ್ಸಿ, ಕೊಟ್ಟೆ. ನಮ್ಮನೆ ಹೆಣ್ಮಗ್ಳ ಒಳ್ಳೇದಕ್ಕೆ ತಾನೆ?"

"ನಾನ್ ಬರ್ದಿದ್ದು ಅವ್ಳಿಗೆ. ನಿಮ್ಗಲ್ಲ."

"ಮುಚ್ಚಿಡೋ ಅಂತಾದ್ದು ಏನೈತೆ ಅದ್ರಲ್ಲಿ? ತಪ್ಪು ಮಾಡ್ದೋರ್ಗೆ ಭಯ. ನೀನೇನು ತಪ್ ಮಾಡೀಯಾ?"

"ನೀವು ಸ್ನಾನ ಮಾಡುವಾಗ ಬಾಗ್ಲು ಹಾಕ್ಕೊಳ್ತೀರಲ್ಲ ಮಾವ, ಒಳ್ಗೆ ಏನ್ ತಪ್ ಮಾಡ್ತೀರಾ?"

ಅವರ ಕೈ ಮುದ್ರೆಯ ಮೇಲೆ ನಿಂತಿತು. "ಕಾರ್ಖಾನೆ ನೀರು ಬಾಯಿ ಕಲ್ಸೈತೆ," ಎಂದು ಮತ್ತೆ ಮುದ್ರೆ ಒತ್ತತೊಡಗಿದರು.

ಕೋಣೆಯ ಗೆಳತಿಯ ಕೈಯಲ್ಲಿ ತಮಿಳಿನಲ್ಲಿ ದೂರು ಬರೆಸಿ ಮೇಲಿನ ಆಫೀಸಿಗೆ ಕಳಿಸಿದೆ. ಎರಡು ತಿಂಗಳ ಮೇಲೆ ಒಬ್ಬ ಇನ್ಸ್‌ಪೆಕ್ಟರ್ ಬಂದು ಅದೇ ಪೋಸ್ಟ್‌ಮಾಸ್ಟರ ಮನೆಯಲ್ಲಿ ಊಟ ಮಾಡಿ, ಊರವರನ್ನು ಕೇಳಿ, ಸುಳ್ಳು ಕಾಗದ ಪೋಸ್ಟ್‌ಮಾಸ್ಟರ ಕೈಬರಹವಲ್ಲ ಎಂದು ತೀರ್ಮಾನಿಸಿ ಹೋದ. ಅದು ನನಗೂ ಗೊತ್ತಿತ್ತು. ಊರಿನಲ್ಲಿ ಒಬ್ಬರೂ ನಮ್ಮ ಪರ ಮಾತಾಡಲಿಲ್ಲ. ಅವರಲ್ಲಿ ಅರ್ಧ ಜನರ ಕಾಗದಗಳನ್ನೂ ಆ ಪೋಸ್ಟ್‌ಮಾಸ್ಟರ್ ಓದಿದ್ದ. ಯಾರ ಮನೆಯ ಯಾವ ಮಾತು ಅವನ ಹೊಟ್ಟೆಯಲ್ಲಿದೆಯೋ ಎಂಬ ಭಯ ಅವರಿಗೆ.

ಈಚೆಗೆ ಪಿಂಚಣಿ ನೋಡಲು ಬ್ಯಾಂಕಿಗೆ ಹೋದಾಗ, ಅಲ್ಲಿನ ಹೆಣ್ಣುಮಗಳೊಬ್ಬಳು ಮೊಬೈಲಿನಲ್ಲಿ ಬ್ಯಾಂಕಿನ ಪುಟ ತೆರೆದು, ವಿಳಾಸದ ಪಕ್ಕದ ಸಣ್ಣ ಬೀಗ ತೋರಿಸಿದಳು. ಅದಿದ್ದರೆ ನೀವು ಒತ್ತಿದ ಅಕ್ಷರಗಳು ಇಲ್ಲಿಂದ ಹೊರಡುವಾಗಲೇ ಕಲಸಿಹೋಗುತ್ತವೆ, ನಡುವೆ ಎಷ್ಟು ಕೈ ದಾಟಿದರೂ ಯಾರೂ ಓದಲಾರರು, ಯಾರಾದರೂ ತಿದ್ದಿದರೆ ಈ ತುದಿಯಲ್ಲಿ ಗೊತ್ತಾಗುತ್ತದೆ, ಈ ವಿಳಾಸ ನಿಜವಾಗಿ ಬ್ಯಾಂಕಿನದೇ ಎಂಬುದಕ್ಕೂ ಪುರಾವೆ ಇರುತ್ತದೆ ಎಂದಳು. ನಾವು ವೈರಿನ ಲೆಕ್ಕದಲ್ಲಿ ಒದ್ದಾಡಿಕೊಂಡು ಮಾಡಿದ್ದು ಅದನ್ನೇ. ನಮಗೆ ಎಣಿಕೆಯ ಗುಟ್ಟನ್ನು ಹಂಚಿಕೊಳ್ಳಲು ಎದುರೆದುರು ಸಿಗಲೇಬೇಕಾಗಿತ್ತು. ಇಲ್ಲಿ ಒಬ್ಬರನ್ನೊಬ್ಬರು ಕಾಣದವರೂ ನಡುವಿನವರ ಕಣ್ಣೆದುರೇ ಗುಟ್ಟು ಕಟ್ಟಿಕೊಳ್ಳುತ್ತಾರಂತೆ. ಮನೆಗೆ ಬಂದು ಅದರ ಬಗ್ಗೆ ಹುಡುಕಿ ಹುಡುಕಿ ಓದಿದೆ. ಬೀಗ ಇದ್ದ ಮಾತ್ರಕ್ಕೆ ಆ ತುದಿಯಲ್ಲಿರುವವನು ಒಳ್ಳೆಯವನೆಂದಲ್ಲ ಎಂಬುದನ್ನೂ ತಿಳಿದುಕೊಂಡೆ. ದಾರಿಯ ಮಟ್ಟಿಗೆ ಮಾತ್ರ ಅದರ ಕಾವಲು. ನನಗೆ ಅಷ್ಟೇ ಸಾಕು. ನಡುವೆ ಕೂತವನು ಸಭ್ಯನಾಗಿದ್ದರೆ ಮಾತ್ರ ನನ್ನ ಮಾತು ನನ್ನದು ಎನ್ನುವ ಬದುಕು ನನಗೆ ಸಾಕಾಗಿಹೋಗಿದೆ. ಅವನ ಸಭ್ಯತೆಯನ್ನು ಲೆಕ್ಕಕ್ಕೇ ಹಿಡಿಯದ ಬೀಗ ಬೇಕು. ಮುಂದಿನ ಸಲ ಬ್ಯಾಂಕಿಗೆ ಹೋದಾಗ ಇದನ್ನು ಹೇಳಿದರೆ ಪಕ್ಕದಲ್ಲಿ ಸಾಲಿನಲ್ಲಿದ್ದ ಒಬ್ಬ ಮಹಾಶಯ ನಕ್ಕು, "ನಮ್ಮಂಥೋರತ್ರ ಮುಚ್ಚಿಡೋಕೆ ಏನಿದೆ ಬಿಡಿ ಅಮ್ಮ," ಅಂದ. ಅವನ ಮುಖವನ್ನು ಒಂದು ಸಲ ನೋಡಿದೆ. ಬಾಯಿ ತೆರೆದಿದ್ದರೆ ಜಗಳವಾಗುತ್ತಿತ್ತು.

ಅಕ್ಕನ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆ ತಪ್ಪಿದ ಮೇಲೆ ಅವಳು ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ. ಮೂರು ತಿಂಗಳಾದ ಮೇಲೆ ಅವಳಿಂದಲೇ ಒಂದು ಮಾದರಿ ಬಂತು. ಕೂಡಿ ನೋಡಿದೆ, ಮೊತ್ತ ಸರಿಯಿತ್ತು. ಓದಿದೆ: ಯಾವ ಕೆಲಸವಾದರೂ ಸರಿ. ನಾನು ವಸಾಹತಿನಲ್ಲಿ ಬಾಗಿಲು ಬಾಗಿಲು ತಟ್ಟಿದೆ. ಬೋಲ್ಟು ಆರಿಸಿ ಡಬ್ಬಕ್ಕೆ ತುಂಬುವ ಒಂದು ಸಣ್ಣ ಶೆಡ್ಡಿನಲ್ಲಿ ವಯಸ್ಸು ಕೇಳಲಿಲ್ಲ. ಕೂಲಿ ನನ್ನ ಸಂಬಳದ ಅರ್ಧಕ್ಕೂ ಇರಲಿಲ್ಲ. ಗಣಿತದಲ್ಲಿ ಅಷ್ಟು ಅಂಕ ತೆಗೆದವಳು ಎಣ್ಣೆ ಬಳಿದ ಬೋಲ್ಟುಗಳ ಮುಂದೆ ಕೂತಳು. ಅದನ್ನು ನಾನು ಕ್ಷಮಿಸಿಲ್ಲ.

ಅವಳು ಮಗಳ ಜೊತೆ ನನ್ನ ಕೋಣೆಗೆ ಬಂದ ಮೊದಲ ಭಾನುವಾರ ಭಾವ ಲಾರಿಯನ್ನು ಹೆದ್ದಾರಿಯಲ್ಲಿ ನಿಲ್ಲಿಸಿ ಬಂದು ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಅಮ್ಮ ಬೈತಾವ್ಳೆ," ಅಂದ.

"ನೀನೇನಂತೀಯಾ?" ಅಕ್ಕ ಕೇಳಿದಳು.

ಅವನು ಕಾಫಿ ಕುಡಿದು ಲೋಟ ಕೆಳಗಿಟ್ಟ. ಆಮೇಲೆ, "ಮಗೀನ ಇಸ್ಕೂಲು ಇಲ್ಲೇ ಹತ್ರ ಐತಾ?" ಅಂದ. ಹತ್ತಿರ ಇದೆ ಎಂದೆವು. ಆಮೇಲಿನಿಂದ ಹದಿನೈದು ದಿನಕ್ಕೊಮ್ಮೆ ಅವನು ಬರುತ್ತಿದ್ದದ್ದು ಅಲ್ಲಿಗೇ.

ಅವನು ಹೋದ ಮೇಲೆ ಅಕ್ಕ ಅತ್ತೆಗೆ ಕಾಗದ ಬರೆಯುತ್ತೇನೆ ಎಂದಳು. ನಾನು ಇನ್‌ಲ್ಯಾಂಡ್ ಲೆಟರು ತೆಗೆದುಕೊಟ್ಟೆ. ಬೇಡ, ಕಾರ್ಡು ಕೊಡು ಎಂದಳು. ಮಡಿಕೆಯೂ ಅಂಟೂ ಇಲ್ಲದ ಬರಿಯ ಪೋಸ್ಟ್ ಕಾರ್ಡಿನ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ ಬರೆದಳು. ತಾನು ಕೆಲಸಕ್ಕೆ ಸೇರಿದ್ದೇನೆ, ಮಗಳನ್ನು ಶಾಲೆಗೆ ಹಾಕಿದ್ದೇನೆ, ಗಂಡನಿಗೆ ತಿಳಿದಿದೆ, ತಿರುಗಿ ಬರುವುದಿಲ್ಲ. ಕೆಳಗೆ ತನ್ನ ಹೆಸರು.

"ಮಾವ ಮೊದ್ಲು ಓದ್ತಾನಲ್ಲ," ಎಂದೆ.

"ಓದ್ಲಿ. ಇದನ್ನ ಎಲ್ರೂ ಓದ್ಲಿ ಅಂತ್ಲೇ ಬರ್ದಿದ್ದು," ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡು ಪೋಸ್ಟ್ ಡಬ್ಬದ ಕಡೆಗೆ ನಡೆದಳು.